ಚಂದ್ರಿಕಾಳ ಒಲೆ ಮೇಲಿನ ಮೇಣ

ಬೀಗರು ಲಿಂಗಪ್ಪನವರು ಆಲೂರಿನಿಂದ ಬಂದು, ಕೈಕಾಲು ತೊಳೆದು ಕೂತು, ತಟ್ಟೆಯಲ್ಲಿದ್ದ ಬಿಳೀ ಮಿಠಾಯಿಯ ತುಂಡೊಂದನ್ನು ಬಾಯಿಗೆ ಹಾಕಿಕೊಂಡರು. ಅಗಿದರು. ಇನ್ನೊಂದು ಸಲ ಅಗಿದರು. ಆಮೇಲೆ ಅಗಿಯುವುದನ್ನು ನಿಲ್ಲಿಸಿ ಎದುರಿನ ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು.

ಅವರ ಮುಖ ಕಂಡ ಕೂಡಲೇ ರವಿಚಂದ್ರ ತಟ್ಟೆಯ ಕಡೆ ನೋಡಿದ. ಅದು ಕೊಬ್ಬರಿ ಮಿಠಾಯಿಯಲ್ಲ. ಅವನ ಹೆಂಡತಿ ಚಂದ್ರಿಕಾ ಹಿಂದಿನ ದಿನ ಮೈಸೂರುಪಾಕಿನ ತಟ್ಟೆಗೆ ಹೊಯ್ದು, ಆರಿದ ಮೇಲೆ ಓರೆಯಾಗಿ ಕೊಯ್ದಿಟ್ಟಿದ್ದ ಸೋಯಾ ಮೇಣ. ಮಲ್ಲಿಗೆ ಪರಿಮಳದ್ದು. ಸಣ್ಣ ದೀಪದ ಮೇಲೆ ಬಟ್ಟಲಿಟ್ಟು ಒಂದು ತುಂಡು ಹಾಕಿದರೆ ಕರಗಿ, ಕೋಣೆಯೆಲ್ಲ ಘಮಘಮ ಅನ್ನುವಂಥದ್ದು. ಬೀಗರ ಬಾಯಲ್ಲಿ ಅದು ಕರಗುತ್ತಿರಲಿಲ್ಲ.

“ಇನ್ನೊಂದ್ ತಗಳಿ ಬೀಗ್ರೆ, ನಾಚ್ಕೋಬೇಡಿ,” ಎಂದು ಸರೋಜಮ್ಮ ತಟ್ಟೆ ಮುಂದೆ ಚಾಚಿದರು. ಸರೋಜಮ್ಮ ರವಿಚಂದ್ರನ ಅತ್ತಿಗೆ, ಅಣ್ಣ ರಂಗಸ್ವಾಮಿಯ ಹೆಂಡತಿ. ಮಗಳು ಮೇಘಾಳನ್ನು ಲಿಂಗಪ್ಪನವರ ಮನೆಗೆ ಕೊಟ್ಟು ಇನ್ನೂ ವರ್ಷ ತುಂಬಿರಲಿಲ್ಲ.

ಲಿಂಗಪ್ಪನವರು ಮರ್ಯಾದಸ್ಥರು. ಸೊಸೆಯ ತವರಿನಲ್ಲಿ ಕೊಟ್ಟದ್ದನ್ನು ಉಗುಳುವುದುಂಟೆ? ಕಣ್ಣು ಮುಚ್ಚಿ, ಗಂಟಲು ಉಬ್ಬಿಸಿ ನುಂಗಿದರು. “ತುಪ್ಪ ಒಂಚೂರು ಜಾಸ್ತಿ ಆಗೈತೆ,” ಎಂದರು. ಹಲ್ಲಿಗೆ ಮೆತ್ತಿದ ಮೇಣ ಬಿಡಿಸುವುದರಲ್ಲೇ ಮಿಕ್ಕ ಹೊತ್ತು ಕಳೆಯಿತು. ಬೀಗರ ಬಾಯಿಗೇ ಬೀಗ ಬಿದ್ದ ಮೇಲೆ ಮಾತುಕತೆ ಏನು ಉಳಿಯುತ್ತದೆ? ಮಧ್ಯಾಹ್ನದ ಬಸ್ಸಿಗೇ ಹೊರಟುಬಿಟ್ಟರು.

ಅವರು ಗೇಟು ದಾಟಿದ ಮೇಲೆ ಸರೋಜಮ್ಮ ಒಂದು ತುಂಡನ್ನು ಎತ್ತಿ ಮೂಸಿ ನೋಡಿದರು.

“ರವಿ, ನಿನ್ನ ಹೆಂಡ್ತಿ ಬೇಕೂಂತ್ಲೇ ಇದನ್ನ ಮಿಠಾಯಿ ಜಾಗದಲ್ಲಿ ಇಟ್ಟವ್ಳೆ.”

ಚಂದ್ರಿಕಾ ಒಲೆಯ ಕಡೆಯಿಂದ ತಿರುಗಲಿಲ್ಲ. ಕಾಲಬುಡದಲ್ಲಿದ್ದ ಬೆಕ್ಕಿಗೆ ಹೇಳಿದಳು. “ಮೂಗು ಇರೋರು ಬಡಿಸೋಕೆ ಮುಂಚೆ ಮೂಸಬೇಕು.”

“ನೋಡಿದ್ಯಾ? ಬೆಕ್ಕಿನ ಹತ್ರ ಮಾತಾಡ್ತಾಳೆ.”

“ಬೆಕ್ಕು ತಿರುಗಿ ಮಾತಾಡಲ್ಲ, ಅದಕ್ಕೆ,” ಎಂದಳು ಚಂದ್ರಿಕಾ, ಅದನ್ನೂ ಬೆಕ್ಕಿಗೇ.

ಬೆಳಗೋಡಿನಿಂದ ಎರಡು ಮೈಲಿ ಒಳಗಿನ ಆ ಮನೆಯಲ್ಲಿ ಅಣ್ಣತಮ್ಮಂದಿರಿಗೆ ಸೇರಿ ಹದಿನೆಂಟು ಎಕರೆ ಕಾಫಿ, ಅದನ್ನು ತುಂಬಿಡುವ ಒಂದು ಸ್ಟೋರ್, ಒಂದು ಜೀಪು, ಒಂದೇ ಒಲೆ ಇತ್ತು. ಎಕರೆ ಹಂಚಬಹುದು, ಜೀಪು ಮಾರಬಹುದು. ಒಲೆ ಎರಡಾದರೆ ಮನೆ ಒಡೆಯಿತು ಎಂದೇ ಲೆಕ್ಕ. ರವಿಚಂದ್ರನಿಗೆ ಭಯವಿದ್ದದ್ದು ಅದೊಂದಕ್ಕೇ. ಮಿಕ್ಕಿದ್ದಕ್ಕೆಲ್ಲ ಅವನು ಬರೀ ಅಳುಕುತ್ತಿದ್ದ, ಅಷ್ಟೆ.

ಆ ಒಲೆಯ ಮುಂದೆ ಚಂದ್ರಿಕಾ ಹದಿನಾರು ವರ್ಷ ನಿಂತಿದ್ದಳು. ಅವಳ ಹಿಂದೆ, ಬಾಗಿಲ ಪಕ್ಕದ ಮಣೆಯ ಮೇಲೆ, ಸರೋಜಮ್ಮ ಹದಿನಾರು ವರ್ಷ ಕೂತಿದ್ದರು. ಚಂದ್ರಿಕಾ ಅಡುಗೆ ಮಾಡುತ್ತಿದ್ದಳು, ಸರೋಜಮ್ಮ ಅಡುಗೆಯನ್ನು ಆಡಿಕೊಳ್ಳುತ್ತಿದ್ದರು. ಸಾಸಿವೆ ಸಿಡಿಯುವ ಮುಂಚೆ “ಹೊತ್ತೋಯ್ತು” ಅನ್ನುವರು. ಅಕ್ಕಿರೊಟ್ಟಿ ಹೆಂಚಿಗೆ ಬೀಳುವ ಮುಂಚೆ “ದಪ್ಪ ಆಯ್ತು” ಅನ್ನುವರು. “ನಮ್ಮತ್ತೆ ಬದನೇಕಾಯ ಹಿಂಗೆ ಹೆಚ್ತಿರಲಿಲ್ಲ ಕಣಮ್ಮ” ಎಂಬುದಂತೂ ಬದನೇಕಾಯಿ ಇಲ್ಲದ ದಿನವೂ ಇರುತ್ತಿತ್ತು.

ಮೇಣ ಮನೆಗೆ ಬಂದದ್ದು ಎರಡು ಸಾವಿರದ ಆರನೇ ಇಸವಿಯಲ್ಲಿ. ಸಕಲೇಶಪುರದಲ್ಲಿ ಯಾವುದೋ ಮಹಿಳಾ ಸಂಘದವರು ಎರಡು ದಿನ ತರಬೇತಿ ಇಟ್ಟಿದ್ದರು. ಬೆಂಗಳೂರಿನಿಂದ ಬಂದ ಮೇಡಂ ಒಬ್ಬರು ಫಿನಾಯಿಲು, ಸೋಪು, ಮೇಣದಬತ್ತಿ ಕಲಿಸಿದರು. ಜೀಪು ತಗೊಂಡು ಹೆಂಡತಿಯನ್ನು ಕರೆತರಲು ಹೋಗಿದ್ದ ರವಿಚಂದ್ರ ಕೊನೆಯ ಭಾಷಣ ಕೇಳಬೇಕಾಯಿತು. ಮೇಡಂ ಉಸಿರಿಗೊಮ್ಮೆ ಸ್ವಾವಲಂಬನೆ ಅಂದರು. ಚಂದ್ರಿಕಾ ಕೈಯೆತ್ತಿ ಒಂದೇ ಪ್ರಶ್ನೆ ಕೇಳಿದಳು, “ಮೇಡಂ, ಇದರಲ್ಲಿ ವಾಸನೆ ಯಾವುದು ಜಾಸ್ತಿ?” ಮೇಡಂ ಮೇಣದ ಕಡೆ ಬೆರಳು ತೋರಿಸಿದರು.

ಅಂದಿನಿಂದ ಬೆಂಗಳೂರಿನ ಬಸ್ಸಿನಲ್ಲಿ ಪಾರ್ಸೆಲ್ ಬರತೊಡಗಿತು. ಸೋಯಾ ಮೇಣ ನೋಡಲಿಕ್ಕೆ ತೆಳು ಅವಲಕ್ಕಿಯಂತೆ ಪದರು ಪದರು. ದೊಡ್ಡ ಪಾತ್ರೆಯಲ್ಲಿ ನೀರು, ನೀರಿನ ಮೇಲೆ ಸಣ್ಣ ಪಾತ್ರೆ, ಅದರೊಳಗೆ ಮೇಣ. ಮಧ್ಯಾಹ್ನದ ಊಟ ಆದ ಮೇಲೆ ರಾತ್ರಿಯ ಅಡುಗೆ ಮುಗಿಯುವವರೆಗೂ ಒಲೆಯ ಒಂದು ಬದಿಯಲ್ಲಿ ಅದು ಕಾಯುತ್ತಿರುತ್ತಿತ್ತು. ಕರಗಿದ ಮೇಲೆ ಇಳಿಸಿ, ಬಿಸಿ ಸ್ವಲ್ಪ ತಗ್ಗಿದಾಗ ಪರಿಮಳದ ಎಣ್ಣೆ ಬೆರೆಸಿ, ಬತ್ತಿಯನ್ನು ಬಟ್ಟೆ ಕ್ಲಿಪ್ಪಿನಿಂದ ನೆಟ್ಟಗೆ ಹಿಡಿಸಿದ ತಗಡಿನ ಡಬ್ಬಿಗಳಿಗೆ ಹೊಯ್ಯುವಳು. ಆನೇಮಹಲ್ ಕಡೆ ಹೊಸದಾಗಿ ಹೋಂಸ್ಟೇ ತೆರೆದಿದ್ದ ಬಿಂದುಶ್ರೀ ಅವನ್ನು ತಗೊಂಡು, ‘ಕಾಫಿ ಹೂವಿನ ಪರಿಮಳ’ ಎಂದು ಚೀಟಿ ಅಂಟಿಸಿ ಬೆಂಗಳೂರಿನವರ ಮಂಚದ ಪಕ್ಕ ಇಡುತ್ತಿದ್ದಳು. ಒಳಗಿದ್ದದ್ದು ಬಾಟಲಿ ಮಲ್ಲಿಗೆ. ಕಾಫಿ ಹೂ ಕಂಡವರು ಅಲ್ಲಿ ಬಾಡಿಗೆ ಕೊಟ್ಟು ಮಲಗುವುದಿಲ್ಲವಾದ್ದರಿಂದ ತಕರಾರು ಬರಲಿಲ್ಲ.

ತಕರಾರೆಲ್ಲ ಮನೆಯೊಳಗೇ. “ಆ ಗಬ್ಬು ನನ್ನ ನೆತ್ತಿಗೆ ಏರ್ತದೆ,” ಎಂದು ಸರೋಜಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು ಜಗುಲಿಗೆ ಹೋಗಿ ಕೂರುತ್ತಿದ್ದರು. ಹಣೆಗೆ ಅಮೃತಾಂಜನ, ಅದರ ಮೇಲೊಂದು ಬಟ್ಟೆ ಪಟ್ಟಿ.

ರವಿಚಂದ್ರ ಒಮ್ಮೆ ಪಾತ್ರೆ ಪಕ್ಕ ನಿಂತು ಹೆಂಡತಿಯನ್ನು ಕೇಳಿದ್ದ. “ದಿನಾ ಇದನ್ನೇ ತಿರುವ್ತಾ ನಿಂತರೆ ಬೇಜಾರಾಗಲ್ವೇನೆ?”

“ಆಗ್ತದೆ,” ಎಂದಳು ಚಂದ್ರಿಕಾ, ತಿರುವುತ್ತಲೇ.

ಬೀಗರು ಮೇಣ ತಿಂದ ಸಂಜೆ ರಂಗಸ್ವಾಮಿ ಕಾನೂನು ಹೊರಡಿಸಿದ. “ಕಾಯಿಸೋದು ಬೇಕಾದ್ರೆ ಕಾಯಿಸ್ಕಳ್ಳಲಿ. ಮಾಡಿದ್ದು ಮಾತ್ರ ಅಡುಗೆಮನೇಲಿ ಇಡಕೂಡದು. ನಾಳೆ ಇನ್ಯಾರೋ ತಿಂದು ಸತ್ತೋದ್ರೆ ಜೈಲಿಗೆ ಹೋಗೋನು ನಾನು.”

ಹೊಯ್ದ ಮೇಣವನ್ನು ಎರಡು ವಾರ ಒಣ ಜಾಗದಲ್ಲಿ ಇಟ್ಟರೆ ಮಾತ್ರ ಪರಿಮಳ ಹದಕ್ಕೆ ಬರುತ್ತದೆ. ಸಕಲೇಶಪುರದ ಸೀಮೆಯಲ್ಲಿ ಒಣ ಜಾಗ ಎಲ್ಲಿಂದ ತರುವುದು? ಮಲಗುವ ಕೋಣೆಯಲ್ಲಿ ಇಟ್ಟರೆ ಡಬ್ಬಿಗಳು ಬೆವರಿದವು. ಅಟ್ಟದ ಮೇಲೆ ಇಲಿಗಳು ಬತ್ತಿ ತಿಂದವು. ಆಗ ರವಿಚಂದ್ರನಿಗೆ ಮನೆಯಲ್ಲೇ ಅತಿ ಬೆಚ್ಚಗಿನ, ಅತಿ ಒಣ ಜಾಗ ಹೊಳೆಯಿತು. ಕಾಫಿ ಸ್ಟೋರ್. ಯಾರಿಗೂ ಹೇಳದೆ ಅವನೇ ಕೀಲಿ ತೆಗೆದುಕೊಟ್ಟ. ಹಲಗೆಗಳ ಮೇಲೆ ಪೇರಿಸಿದ್ದ, ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿ ಮೂಟೆಗಳ ನಡುವೆ ಎಪ್ಪತ್ತು ಡಬ್ಬಿ ಮಲ್ಲಿಗೆ ಕೂತವು.

ಕಾಫಿ ಬೀಜ ಪಕ್ಕದಲ್ಲಿದ್ದದ್ದರ ವಾಸನೆಯನ್ನೆಲ್ಲ ಹೀರುತ್ತದೆ ಎಂಬುದು ಈ ಬೆಟ್ಟಗಳಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತು. ರವಿಚಂದ್ರನ ಅಪ್ಪ ಬೀಡಿ ಸೇದಿದ ಆಳನ್ನು ಸ್ಟೋರಿಗೆ ಬಿಡುತ್ತಿರಲಿಲ್ಲ. ಸೀಮೆಎಣ್ಣೆ ಡಬ್ಬ, ಗೊಬ್ಬರದ ಚೀಲ, ಮೆಣಸು, ಯಾವುದೂ ಒಳಗೆ ಹೋಗುವಂತಿಲ್ಲ. ರವಿಚಂದ್ರ ಆ ಪಾಠವನ್ನು ಚಿಕ್ಕಂದಿನಿಂದ ಬಾಯಿಪಾಠ ಮಾಡಿದ್ದ. ಆದರೆ ಅವನ ತಲೆಯಲ್ಲಿ ಕಾಫಿಯನ್ನು ಕೆಡಿಸುವುದು ಕೆಟ್ಟ ವಾಸನೆ. ಮಲ್ಲಿಗೆ ಒಳ್ಳೆಯದಲ್ಲವೇ?

ಫೆಬ್ರವರಿಯಲ್ಲಿ ಪೇಟೆಯ ವ್ಯಾಪಾರಿ ಸ್ಯಾಂಪಲ್ ಚೀಲ ಬಿಚ್ಚಿ, ಬೊಗಸೆ ಬೀಜವನ್ನು ಮೂಗಿಗೆ ಹಿಡಿದು, ರಂಗಸ್ವಾಮಿಯ ಮುಖ ನೋಡಿದ.

“ಏನ್ ಗೌಡ್ರೆ, ಈ ಸಲ ಕಾಫಿಗೆ ಮದುವೆ ಗಿದುವೆ ಇಟ್ಕೊಂಡಿದ್ರಾ?”

ಪಕ್ಕದಲ್ಲಿ ಇನ್ನೂ ನಾಲ್ಕು ಜನ ಬೆಳೆಗಾರರು ಕೂತಿದ್ದರು. ಒಬ್ಬೊಬ್ಬರೂ ಬೀಜ ಮೂಸಿದರು. ಒಬ್ಬನಂತೂ ನಾಲ್ಕು ಬೀಜ ಕಿವಿಗೆ ಮುಡಿದುಕೊಳ್ಳುವ ನಟನೆ ಮಾಡಿದ. ವ್ಯಾಪಾರಿ ಚೀಲದ ಬಾಯಿ ಕಟ್ಟಿ ವಾಪಸ್ ಕೊಟ್ಟ.

ಮನೆಗೆ ಬಂದ ರಂಗಸ್ವಾಮಿ ಚಪ್ಪಲಿ ಬಿಡುವ ಮುಂಚೆಯೇ ಹೇಳಿದ. “ರವಿ, ಈ ಮನೇಲಿ ಮೇಣ ಇರಬೇಕು, ಇಲ್ಲ ಒಂದೇ ಒಲೆ ಇರಬೇಕು. ಎರಡೂ ಆಗಲ್ಲ. ದೇವೀರಪ್ಪ ಮಾವನ್ನ ಕರ್ಸು.”

ದೇವೀರಪ್ಪ ಅಣ್ಣತಮ್ಮಂದಿರ ಸೋದರಮಾವ. ಆ ಸುತ್ತಿನಲ್ಲಿ ನಾಲ್ಕು ಮನೆ ಒಡೆದವರು, ಮೂರು ಮನೆ ಒಡೆಯದಂತೆ ತಡೆದವರು. ಭಾನುವಾರ ಬಂದರು. ನಡುಮನೆಯಲ್ಲಿ ಎಲ್ಲರೂ ಕೂತರು. ಚಂದ್ರಿಕಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಳು. ದೇವೀರಪ್ಪನವರಿಗೆ ಕೊಟ್ಟ ಕಾಫಿಯನ್ನು ಅವರು ಕುಡಿಯುವ ಮುಂಚೆ ಮೂಸಿದ್ದನ್ನು ಎಲ್ಲರೂ ನೋಡಿದರು.

“ಸ್ಟೋರಲ್ಲಿ ಇದನ್ನ ಇಟ್ಟೋರ್ಯಾರು?” ಎಂದು ಮೊದಲು ಕೇಳಿದರು.

“ಇನ್ಯಾರು,” ಎಂದರು ಸರೋಜಮ್ಮ. “ಮೊದಲು ನಮ್ಮ ಬೀಗರಿಗೆ ಹಾಕಿದ್ಲು, ಈಗ ಕಾಫಿಗೆ. ನಾಳೆ ಸಾರಿಗೂ ಹಾಕ್ತಾಳೆ.”

“ಸಾರಿಗೆ ಹಾಕಿದ್ರೂ ಉಪ್ಪು ಕಮ್ಮಿ ಅಂತಲೇ ಅಂತಿದ್ರಿ ಅಕ್ಕ,” ಎಂದಳು ಚಂದ್ರಿಕಾ. ಎರಡು ವರ್ಷದಲ್ಲಿ ಬೆಕ್ಕಿನ ಮಧ್ಯಸ್ಥಿಕೆಯಿಲ್ಲದೆ ಅವಳು ನೇರವಾಗಿ ಆಡಿದ ಮೊದಲ ಮಾತು ಅದು.

ಕೀಲಿಯ ವಿಷಯ ಮಾತ್ರ ಅವಳು ಎತ್ತಲಿಲ್ಲ. ರವಿಚಂದ್ರನ ಕಡೆ ಒಂದು ಸಲ ನೋಡಿದಳು. ಆ ನೋಟ ತಡೆಯಲಾಗದೆ ಅವನು ನೆಲ ನೋಡಿಕೊಂಡು ಹೇಳಿದ. “ಮಾವ, ಕೀಲಿ ಕೊಟ್ಟಿದ್ದು ನಾನು.”

ರಂಗಸ್ವಾಮಿ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಹಂಗಾದ್ರೆ ಬತ್ತಿ ಇಟ್ಟೋನು ನೀನೇ ಅನ್ನು. ಕಾಫಿ ಬೆಳೆಯೋನ ಹೊಟ್ಟೇಲಿ ಹುಟ್ಟಿ, ಥೂ. ಅಪ್ಪ ಇದ್ದಿದ್ರೆ ನಿನ್ನೇ ಕಣದಲ್ಲಿ ಹರವಿ ಒಣಗಿಸ್ತಿದ್ರು.”

ಅಲ್ಲಿಂದ ಮುಂದೆ ಹದಿನಾರು ವರ್ಷದ ದಾಸ್ತಾನೆಲ್ಲ ಹೊರಬಿತ್ತು. ಯಾರ ಮದುವೆಯಲ್ಲಿ ಯಾರಿಗೆ ಎಂಥಾ ಸೀರೆ ಕೊಟ್ಟರು, ಬಾಣಂತನದಲ್ಲಿ ಯಾರು ಯಾರಿಗೆ ಬಿಸಿನೀರು ಕಾಯಿಸಿಕೊಡಲಿಲ್ಲ, ಎಲ್ಲ. ದೇವೀರಪ್ಪ ನಡುವೆ ಬಾಯಿ ಹಾಕದೆ, ತಣ್ಣಗಾದ ಕಾಫಿಯನ್ನು ಪೂರ್ತಿ ಕುಡಿದು, ಲೋಟ ಕೆಳಗಿಟ್ಟರು.

“ಆಯ್ತಲ್ಲ? ಈಗ ಕೇಳಿ. ಮೂಟೆ ಬಿಚ್ಚಿ ಕಣದಲ್ಲಿ ಹರವಿ, ಗಾಳಿ ಆಡಿದ್ರೆ ವಾಸನೆ ಹೋಯ್ತದೆ. ಆ ಹೆಣ್ಮಗಿಗೂ ಒಂದು ಕೆಲಸ ಬೇಕು, ಮೇಣದಿಂದ ಹೆಸರು ಬಂದೈತೆ. ಕಣದ ಆಚೆ ಶೀಟ್ ಹಾಕಿ ಒಂದು ಶೆಡ್ ಮಾಡ್ಕೊಡಿ. ಅಲ್ಲೇ ಗ್ಯಾಸು, ಅಲ್ಲೇ ಒಲೆ, ಅಲ್ಲೇ ಬೀರು. ಕೀಲಿ ಅವಳ ಹತ್ರ ಇರ್ಲಿ. ಮೇಣ ಅಡುಗೆಮನೆಗೂ ಬರಕೂಡದು, ಸ್ಟೋರಿಗೂ ಬರಕೂಡದು. ಊಟದ ಒಲೆ ಒಂದೇ ಇರ್ಲಿ. ಏನಂತೀಯ ರಂಗ?”

ರಂಗಸ್ವಾಮಿ ಮೀಸೆ ಕಡಿದು, “ಆಗ್ಲಿ,” ಎಂದ. ಸರೋಜಮ್ಮನೂ “ನನ್ನ ತಲೆನೋವು ತಪ್ಪಿದ್ರೆ ಸಾಕು,” ಎಂದು ಸೆರಗು ಕೊಡವಿದರು.

ರವಿಚಂದ್ರನ ಎದೆಯಿಂದ ಮೂಟೆ ಇಳಿಯಿತು. ಮನೆ ಉಳಿಯಿತು, ಮೇಣವೂ ಉಳಿಯಿತು. ಶೆಡ್ಡಿನ ಬಾಗಿಲು ಯಾವ ದಿಕ್ಕಿಗೆ ಇಡಬೇಕು ಎಂದು ಅವನು ಆಗಲೇ ಯೋಚಿಸುತ್ತಿದ್ದ.

“ಬೇಡ ಮಾವ,” ಎಂದಳು ಚಂದ್ರಿಕಾ.

ಎಲ್ಲರೂ ತಿರುಗಿದರು.

“ಶೆಡ್ ಬೇಡ. ಅಡುಗೆಮನೇಲಿ ಕಾಯಿಸಬಾರದು ಅಂದ್ರೆ ಇವತ್ತೇ ಬಿಟ್ಬುಡ್ತೀನಿ. ಉಳಿದಿರೋ ಮೇಣಾನ ಬಿಂದುಶ್ರೀಗೆ ಕೊಟ್ಬುಡಿ.”

ದೇವೀರಪ್ಪನವರಿಗೆ ತಮ್ಮ ತೀರ್ಮಾನಕ್ಕೆ ಬೇಡ ಅಂದವರನ್ನು ನೋಡಿ ಅಭ್ಯಾಸವಿರಲಿಲ್ಲ. “ಅಲ್ಲ ಕಣವ್ವ, ಎರಡು ವರ್ಷದಿಂದ ಈ ಮೇಣಕ್ಕೋಸ್ಕರ ಮನೆಯೋರನ್ನೆಲ್ಲ ಎದುರು ಹಾಕ್ಕಂಡಿದ್ದೀಯ. ಈಗ ನಿಂದೇ ಅಂತ ಜಾಗ ಮಾಡ್ಕೊಡ್ತೀವಿ ಅಂದ್ರೆ ಬೇಡ ಅಂತೀಯ. ಮತ್ತೆ ಯಾಕೆ ಮಾಡ್ತಿದ್ದೆ ಇದನ್ನ?”

ಚಂದ್ರಿಕಾ ಸೆರಗಿನ ತುದಿಗೆ ಅಂಟಿದ್ದ ಮೇಣದ ಚೂರೊಂದನ್ನು ಉಗುರಿನಿಂದ ಕೆರೆದು ತೆಗೆದಳು.

“ಮೇಣ ಕಾಯೋವಾಗ ಅಕ್ಕಂಗೆ ತಲೆನೋವು ಬಂದು ಎದ್ದು ಜಗುಲಿಗೆ ಹೋಗ್ತಾರೆ ಮಾವ. ಅಷ್ಟು ಹೊತ್ತು ಅಡುಗೆಮನೇಲಿ ನಾನೊಬ್ಬಳೇ ಇರ್ತೀನಿ. ಶೆಡ್ಡಲ್ಲಿ ಕೂತು ಮೇಣ ಕಾಯಿಸೋಕೆ ನಂಗೇನು ಹುಚ್ಚಾ?”