ಜರ್ಸಿಯಲ್ಲಿ ಹಿಡಿದ ಉಡಿ

ನಾಲ್ಕು ವರ್ಷಗಳ ಹಿಂದಿನ ಮಾತು. ಸೀಗಿ ಹುಣ್ಣಿಮೆ ಹತ್ತಿರ ಬಂದಿತ್ತು. ಆಗ ನಾನು ಗದಗಿನ ಒಂದು ಖಾಸಗಿ ಫುಟ್‌ಬಾಲ್ ತಂಡದ ಕ್ಯಾಪ್ಟನ್. ಹೆಣ್ಣುಮಕ್ಕಳ ತಂಡ. "ಹುಡುಗ್ಯಾರು ಚೆಂಡ ಒದ್ರ ಪಗಾರ ಕೊಡ್ತಾರೇನು?" ಎಂದು ಬೆಟಗೇರಿಯ ನಮ್ಮ ಓಣಿಯಲ್ಲಿ ನಕ್ಕವರೇ ಹೆಚ್ಚು. ಕೊಡುತ್ತಿದ್ದರು. ಗದಗಿನ ದೊಡ್ಡ ವ್ಯಾಪಾರಸ್ಥರೊಬ್ಬರು ಇನ್ನಿಬ್ಬರು ಪಾಲುದಾರರ ಜೊತೆ ಸೇರಿ ತಂಡ ಕಟ್ಟಿದ್ದರು. ನಾವು ಅವರನ್ನು ಸಾಹುಕಾರರು ಎಂದೇ ಕರೆಯುತ್ತಿದ್ದೆವು. ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಹದಿನೆಂಟು ಹುಡುಗಿಯರು. ವರ್ಷಕ್ಕೊಮ್ಮೆ ಒಪ್ಪಂದದ ಕಾಗದಕ್ಕೆ ಸಹಿ, ತಿಂಗಳಿಗೊಮ್ಮೆ ಪಗಾರ. ನನ್ನಪ್ಪ ಮಗ್ಗದ ಮುಂದೆ ಕೂತೇ ಜೀವ ಸವೆಸಿದವರು. ಮಗಳು ಆಡಿ ಗಳಿಸುತ್ತಾಳೆ ಎಂಬುದನ್ನು ಅವರು ಕಡೆಯವರೆಗೂ ಪೂರ್ತಿ ನಂಬಲಿಲ್ಲ.

ನಾನು ಹೇಳಬೇಕಾಗಿರುವುದು ರೇಣುಕಾಳ ಬಗ್ಗೆ. ಲಕ್ಷ್ಮೇಶ್ವರದ ಹುಡುಗಿ, ನನಗಿಂತ ನಾಲ್ಕು ವರ್ಷ ಚಿಕ್ಕವಳು. ಚೆಂಡು ಅವಳ ಎಡಗಾಲಿಗೆ ಸಿಕ್ಕಿತೆಂದರೆ ಎದುರಿನವರು ಸುಮ್ಮನೆ ನಿಂತು ನೋಡಬೇಕು, ಅಷ್ಟೆ. ತಂದೆ ಇರಲಿಲ್ಲ. ತಾಯಿ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದರು. ರೇಣುಕಾ ಮಹಾ ಬಾಯಿಬಡಕಿ. ಅವಳ ನಾಲಿಗೆಗೆ ತಂಡದ ಮ್ಯಾನೇಜರ್ ಕೂಡ ಹೆದರುತ್ತಿದ್ದ. ಬಿ.ಕಾಂ. ಓದಿದ್ದಳು. ಇಂಗ್ಲಿಷಿನಲ್ಲಿದ್ದ ಒಪ್ಪಂದದ ಕಾಗದವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವಳು ಇಡೀ ತಂಡದಲ್ಲಿ ಅವಳೊಬ್ಬಳೇ. ನಾವೆಲ್ಲ ಸಹಿ ಎಲ್ಲಿ ಹಾಕಬೇಕು ಎಂದಷ್ಟೇ ನೋಡಿದವರು.

ಆ ವರ್ಷ ಶಿರಹಟ್ಟಿಯ ನಮ್ಮ ಗೋಲ್‌ಕೀಪರ್ ಹುಡುಗಿ ಪ್ರಾಕ್ಟೀಸ್ ಮಾಡುವಾಗ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು. ಒಂದೂವರೆ ತಿಂಗಳಿಗೆ ಅವಳ ಮನೆಗೆ ಪತ್ರ ಹೋಯಿತು, ಇನ್ನು ಬರಬೇಕಾಗಿಲ್ಲ ಎಂದು. ಅವಳ ಜಾಗಕ್ಕೆ ಬೇರೊಬ್ಬಳನ್ನು ತಂದರು. ಮುಂದಿನ ವರ್ಷದ ಒಪ್ಪಂದಕ್ಕೆ ಸಹಿ ಹಾಕುವ ಹೊತ್ತಿಗೆ ರೇಣುಕಾ ಕಾಗದ ಬಿಡಿಸಿಕೊಂಡು ಮೈದಾನದ ಬೇವಿನ ಗಿಡದ ಕೆಳಗೆ ಕೂತಳು.

"ನೋಡ್ರೇ ಇಲ್ಲೆ. ಮ್ಯಾಚಿನ್ಯಾಗ ಪೆಟ್ಟಾದ್ರ ಅಷ್ಟ ದವಾಖಾನಿ ಅವರದು. ಪ್ರಾಕ್ಟೀಸಿನ್ಯಾಗ ಆದ್ರ ನಮ್ಮ ಹಣಿಬರಹ. ಆರು ವಾರ ಆಡಲಿಲ್ಲಂದ್ರ ಹೆಸರ ತಗದ ಹಾಕಬಹುದು. ವರ್ಷಕ್ಕ ಮ್ಯಾಚು ಹತ್ತೋ ಹನ್ನೆರಡೋ, ಉಳದ ದಿನ ಎಲ್ಲಾ ಪ್ರಾಕ್ಟೀಸು. ನಾವು ಬೀಳೂದು ಯಾವಾಗ ಹೇಳ್ರಿ?"

ಒಂದು ಗೆರೆ ಹಾಳೆಯಲ್ಲಿ ಅವಳೇ ಎರಡು ಬೇಡಿಕೆ ಬರೆದಳು. ಎಲ್ಲಿ ಪೆಟ್ಟಾದರೂ ಚಿಕಿತ್ಸೆ ತಂಡದ ಜವಾಬ್ದಾರಿ. ವಾಸಿಯಾಗುವವರೆಗೆ ಆಟಗಾರ್ತಿಯ ಹೆಸರು ತೆಗೆಯುವಂತಿಲ್ಲ. ಇವೆರಡನ್ನು ಒಪ್ಪಂದದಲ್ಲಿ ಸೇರಿಸಿ ಕೊಡಬೇಕು, ಆಮೇಲೆಯೇ ಸಹಿ. ಪಗಾರ ಹೆಚ್ಚು ಮಾಡಿ ಎಂದು ನಾವು ಕೇಳಲೇ ಇಲ್ಲ. ಅವತ್ತೇ ಹದಿನೆಂಟೂ ಜನ ಬೂಟು ಬಿಚ್ಚಿ ಸಾಮಾನಿನ ಕೋಣೆಯಲ್ಲಿ ಒಂದೇ ಗುಂಪೆ ಹಾಕಿ ಬೀಗ ಜಡಿದೆವು. ಬರೆದು ಕೊಡುವವರೆಗೆ ಯಾರೂ ಬೂಟು ಕಟ್ಟುವುದಿಲ್ಲ ಎಂದು ಮಾತಾಯಿತು. ಕ್ಯಾಪ್ಟನ್ ಎಂದು ಕೀಲಿಕೈಯನ್ನು ನನ್ನ ಕೈಗೆ ಕೊಟ್ಟರು. ನಾನು ಅದನ್ನು ಕೊರಳ ದಾರಕ್ಕೆ ಪೋಣಿಸಿಕೊಂಡೆ. ಆಗ ನನಗೆ ಎಷ್ಟು ಹೆಮ್ಮೆ!

ಮೂರು ದಿನ ಬರಿಗಾಲಲ್ಲಿ ಬೇವಿನ ಗಿಡದ ಕೆಳಗೆ ಕೂತೆವು. ಮ್ಯಾನೇಜರ್ ಬಂದು ಕೂಗಾಡಿದ. "ನಿಮ್ಮಂಥಾ ಹುಡುಗ್ಯಾರು ಪಾಳಿ ಹಚ್ಚಿ ನಿಂತಾರ, ತಿಳೀತೇನು?"

"ಕರಕೊಂಡ ಬರ್ರಿ ಸರ್," ಎಂದಳು ರೇಣುಕಾ. "ಮುಂದಿನ ತಿಂಗಳ ಮ್ಯಾಚೈತಿ. ಚೆಂಡು ದುಂಡಗ ಐತೋ ಚೌಕ ಐತೋ ಅನ್ನೂದರ ಅವರಿಗೆ ಮೊದಲ ಹೇಳಿಕೊಡ್ರಿ."

ಅವನು ಮುಖ ಕೆಂಪಗೆ ಮಾಡಿಕೊಂಡು ಹೋದ. ನಾವು ಬಿದ್ದು ಬಿದ್ದು ನಕ್ಕೆವು. ನಾಲ್ಕನೇ ದಿನ ಸಾಹುಕಾರರಿಂದಲೇ ಕರೆ ಬಂತು, ಮಧ್ಯಾಹ್ನ ಮನೆಗೆ ಬನ್ನಿ, ಕೂತು ಮಾತಾಡೋಣ ಎಂದು. ಅಂದು ಹುಣ್ಣಿಮೆಯ ಮರುದಿನ. ನಾನು, ರೇಣುಕಾ, ಇನ್ನಿಬ್ಬರು ಹುಡುಗಿಯರು ಮೈದಾನದಿಂದ ಹಾಗೇ ಹೋದೆವು, ಜರ್ಸಿ ಮತ್ತು ಟ್ರ್ಯಾಕ್ ಪ್ಯಾಂಟಿನಲ್ಲಿ. ಬೇಡಿಕೆಯ ಹಾಳೆ ರೇಣುಕಾಳ ಹೆಗಲ ಚೀಲದಲ್ಲಿತ್ತು.

ಜಗಳಕ್ಕೆ ಸಿದ್ಧರಾಗಿ ಹೋದವರಿಗೆ ಅಲ್ಲಿ ಊಟದ ತಟ್ಟೆ ಕಾದಿತ್ತು. ಸಾಹುಕಾರರು ಬಾಗಿಲಿಗೇ ಬಂದು, "ಬರ್ರವ್ವಾ, ಮೊದಲ ಉಣ್ರಿ, ಮಾತು ಎಲ್ಲಿ ಓಡಿ ಹೊಕ್ಕೈತಿ?" ಎಂದರು. ಅವರ ಹೆಂಡತಿಯನ್ನು ನಾವು ಅಂದೇ ಮೊದಲು ನೋಡಿದ್ದು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಎದುರಿಗೆ ಕೂತು ತಾವೇ ಬಡಿಸಿದರು. ನಮ್ಮ ಊರು, ಮನೆ, ತಾಯಿ-ತಂದೆ ಎಲ್ಲ ಕೇಳಿದರು. ರೇಣುಕಾಳ ತಾಯಿ ರೊಟ್ಟಿ ಬಡಿಯುತ್ತಾರೆ ಎಂದಾಗ, "ಹಂಗಾರ ನನ್ನ ರೊಟ್ಟಿ ನಿನಗೆಲ್ಲಿ ಸೇರ್ಯಾವು!" ಎಂದು ನಕ್ಕರು. ಅವರ ಪ್ರೀತಿಯಲ್ಲಿ ನಾಟಕವಿರಲಿಲ್ಲ. ಇದನ್ನು ಈಗಲೂ ಹೇಳುತ್ತೇನೆ.

ಊಟವಾದ ಮೇಲೆ ಅವರು ಒಳಗಿನಿಂದ ಮೊರದಲ್ಲಿ ಅಕ್ಕಿ ತಂದರು. "ಹಬ್ಬದಾಗ ಮನಿಗೆ ಬಂದ ಹೆಣ್ಣಮಕ್ಕಳನ್ನ ಬರೇ ಉಡಿಲೆ ಕಳಸಬಾರದವ್ವಾ. ಏಳ್ರಿ, ಉಡಿ ತುಂಬತೇನಿ."

ರೇಣುಕಾ ನನ್ನ ಕಿವಿಯಲ್ಲಿ, "ಅಕ್ಕಾ, ಮೊದಲ ಕಾಗದದ ಮಾತು ಆಗಲಿ," ಎಂದಳು. ನಾನು ಅವಳ ತೋಳು ಚಿವುಟಿದೆ. ಉಡಿ ತುಂಬುತ್ತೇನೆ ಎಂದು ಹಿರಿಯ ಮುತ್ತೈದೆ ನಿಂತಿರುವಾಗ ತಡೆಯಿರಿ ಎನ್ನಲು ನಮ್ಮ ಕಡೆಯ ಯಾವ ಹೆಣ್ಣುಮಗಳಿಗೆ ನಾಲಿಗೆ ಬಂದೀತು?

ನಮಗೆ ಸೆರಗಿರಲಿಲ್ಲ. ಅವರೇ ನಕ್ಕು, "ಆ ಅಂಗೀನ ಹಿಡೀರಿ," ಎಂದರು. ನಾನು ಜರ್ಸಿಯ ಅಂಚನ್ನು ಎರಡೂ ಕೈಯಿಂದ ಹಿಡಿದು ಒಡ್ಡಿದೆ. ಐದು ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಮೇಲೊಂದು ಕೆಂಪು ಅಂಚಿನ ಕುಬಸದ ಕಣ, ರವಿಕೆಯ ಬಟ್ಟೆ. ನನ್ನ ಹಣೆಗೆ ಕುಂಕುಮವಿಟ್ಟು, "ಇವತ್ತಿನಿಂದ ಇದು ನಿಮ್ಮ ತವರಮನಿ," ಎಂದರು. ನನ್ನ ಅವ್ವ ತೀರಿ ಆಗ ಎರಡು ವರ್ಷವಾಗಿತ್ತು. ನಾನು ಅಲ್ಲೇ ಅತ್ತುಬಿಟ್ಟೆ.

ನಾಲ್ವರ ಉಡಿಯೂ ತುಂಬಿದ ಮೇಲೆ ಸಾಹುಕಾರರು ಕೇಳಿದರು. "ಈಗ ಹೇಳ್ರವ್ವಾ. ಮನಿ ಮಕ್ಕಳ ಅದೀರಿ. ನಿಮಗ ಏನರ ಆದ್ರ ನಾ ಸುಮ್ಮನ ಕುಂಡ್ರತೇನೇನು? ಅದಕ್ಕೂ ಕಾಗದ ಬೇಕೇನು?"

"ಬೇಕ್ರಿ," ಎಂದಳು ರೇಣುಕಾ. ಒಂದೇ ಕೈಯಲ್ಲಿ ಉಡಿ ಹಿಡಿದುಕೊಂಡು ಇನ್ನೊಂದು ಕೈಯನ್ನು ಚೀಲಕ್ಕೆ ಹಾಕಿದಳು. ಜರ್ಸಿಯ ಒಂದು ಬದಿ ಜಾರಿತು. ಅಕ್ಕಿ ನೆಲಕ್ಕೆ ಚೆಲ್ಲಿತು. ಆ ತಾಯಿಯ ಮುಖ ಸಣ್ಣದಾಯಿತು. ನನಗೆ ಸಿಟ್ಟು ನೆತ್ತಿಗೇರಿ ಎಲ್ಲರ ಎದುರಿಗೇ ಬೈದೆ.

"ಲೇ ರೇಣಿ, ಎರಡೂ ಕೈಲೆ ಹಿಡಿ! ಉಡಿ ಚೆಲ್ಲತಾರೇನು?"

ಅವಳು ಚೀಲದಿಂದ ಕೈ ತೆಗೆದಳು. ನನ್ನನ್ನು ಒಮ್ಮೆ ನೋಡಿದಳು. ಆಮೇಲೆ ಎರಡೂ ಕೈಯಿಂದ ಉಡಿ ಹಿಡಿದುಕೊಂಡು ನಿಂತಳು. ಹಾಳೆ ಚೀಲದಲ್ಲೇ ಉಳಿಯಿತು.

ಮೈದಾನಕ್ಕೆ ಬಂದಾಗ ಹುಡುಗಿಯರು ಮುತ್ತಿಕೊಂಡರು. "ಬರದ ಕೊಟ್ರೇನಕ್ಕಾ?" ನಾನು ಹೇಳಿದೆ, "ಉಡಿ ತುಂಬ್ಯಾರ." ಅಷ್ಟೇ ಸಾಕಾಯಿತು. ಒಬ್ಬಳೂ ಎದುರು ಮಾತಾಡಲಿಲ್ಲ. ಉಡಿ ತುಂಬಿದ ಮನೆಯವರು ಕೈಬಿಡುತ್ತಾರೆಂದು ನಮ್ಮಲ್ಲಿ ಯಾರೂ ಕನಸಿನಲ್ಲೂ ಎಣಿಸುವುದಿಲ್ಲ. ನಾನೇ ಬೀಗ ತೆಗೆದೆ. ಹದಿನೆಂಟೂ ಜನ ಹಳೆಯ ಷರತ್ತುಗಳಿದ್ದ ಅದೇ ಕಾಗದಕ್ಕೆ ಸಹಿ ಹಾಕಿದೆವು. ರೇಣುಕಾ ಕೊನೆಗೆ ಹಾಕಿದಳು. "ಇದು ಅವರ ಮಾತಿಗಲ್ಲಕ್ಕಾ, ನಿನ್ನ ಮಾತಿಗೆ ಹಾಕಾಕತ್ತೇನಿ," ಎಂದಳು.

ಸಂಕ್ರಾಂತಿ ಕಳೆದು ಸ್ವಲ್ಪ ದಿನವಾಗಿತ್ತು. ಬೆಳಗಿನ ಪ್ರಾಕ್ಟೀಸಿನಲ್ಲಿ ಚೆಂಡಿನ ಬೆನ್ನತ್ತಿ ಓಡುತ್ತಿದ್ದ ರೇಣುಕಾ ಒಮ್ಮೆಗೇ ತಿರುಗಲು ಹೋಗಿ ಕುಸಿದಳು. ಯಾರೂ ಮುಟ್ಟಿರಲಿಲ್ಲ. ಎಡ ಮೊಣಕಾಲಿನ ಒಳಗೆ ಟಕ್ ಎಂದ ಸದ್ದು ನನಗೂ ಕೇಳಿತು. ಹುಬ್ಬಳ್ಳಿಯ ಡಾಕ್ಟರು ಲಿಗಮೆಂಟ್ ಹರಿದಿದೆ ಎಂದರು. ಬೇಗ ಆಪರೇಷನ್ ಆದರೆ ಮತ್ತೆ ಆಡಬಹುದು, ತಡವಾದರೆ ಹೇಳಲಾಗದು.

ಮ್ಯಾನೇಜರ್ ಕಾಗದ ತೆಗೆದು ತೋರಿಸಿದ. "ಮ್ಯಾಚಿನ್ಯಾಗ ಆಗಿಲ್ಲಲ್ಲ. ನೀವ ಸಹಿ ಹಾಕೀರಿ, ಓದಿ ನೋಡ್ರಿ."

ನಾನು ಸಾಹುಕಾರರ ಮನೆಗೆ ಓಡಿದೆ. ಅವರು ಈ ಸಲವೂ ಕೂರಿಸಿದರು, ಚಹಾ ಕೊಡಿಸಿದರು. "ನಂಗೂ ಭಾಳ ಕೆಟ್ಟನಿಸತೈತಿ ತಂಗಿ. ಆದ್ರ ನಾ ಒಬ್ಬಾಂವ ಅಲ್ಲಲ್ಲ. ಪಾಲುದಾರರು ಕಾಗದದಾಗ ಏನೈತಿ ಅದನ್ನ ಕೇಳತಾರ. ಅವತ್ತ ನೀವು ಬರಸಿಕೊಂಡಿದ್ರ ನನಗೂ ಒಂದು ಆಧಾರ ಇರತಿತ್ತು."

ಚಹಾ ಅಲ್ಲೇ ಬಿಟ್ಟು ಎದ್ದೆ. ಹೊರಗೆ ಬಂದಾಗ ಅವರ ಹೆಂಡತಿ ಹಿತ್ತಲ ಕಡೆಯಿಂದ ಬಂದು ನನ್ನ ಕೈ ಹಿಡಿದುಕೊಂಡರು. ಅತ್ತು ಅತ್ತು ಅವರ ಕಣ್ಣು ಬಾತಿದ್ದವು. "ಎರಡ ದಿನದಿಂದ ಹೇಳಾಕತ್ತೇನವ್ವಾ, ಕೇಳವಲ್ರು. ಉಡಿ ತುಂಬೂದು ನನ್ನ ಕೈಯಾಗ ಐತಿ. ಕಾಗದ ಬರಿಯೂದು ನನ್ನ ಕೈಯಾಗ ಇಲ್ಲ." ನಾವಿಬ್ಬರೂ ಅಲ್ಲೇ ನಿಂತು ಅತ್ತೆವು. ಅದರಿಂದ ರೇಣುಕಾಳಿಗೆ ಏನೂ ಆಗಲಿಲ್ಲ.

ಮತ್ತೆ ಬೂಟು ಬಿಚ್ಚಿಡೋಣ ಎಂದು ತಂಡದ ಮುಂದೆ ಬಾಯಿಬಿಟ್ಟೆ. ಸಹಿ ಹಾಕಿ ಆಡದಿದ್ದರೆ ತೆಗೆದುಹಾಕಬಹುದು ಎಂದೂ ಅದೇ ಕಾಗದದಲ್ಲಿತ್ತು. ಮುಂಡರಗಿಯ ಹುಡುಗಿಯೊಬ್ಬಳು ಮೆಲ್ಲಗೆ, "ಅವತ್ತ ಕೀಲಿ ತಗದಾಕಿ ನೀನ ಅಲ್ಲೇನಕ್ಕಾ?" ಎಂದಳು. ಆ ಮಾತನ್ನು ನಾನು ಮತ್ತೆ ಎತ್ತಲಿಲ್ಲ. ಆರು ವಾರಕ್ಕೆ ಸರಿಯಾಗಿ ರೇಣುಕಾಳ ಮನೆಗೆ ಪತ್ರ ಹೋಯಿತು. ನಾನು ಸೀಸನ್ ಮುಗಿಯುವವರೆಗೂ ಆಡಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಡಿದೆ.

ರೇಣುಕಾ ಸರಕಾರಿ ಆಸ್ಪತ್ರೆಯಲ್ಲಿ ಹೆಸರು ಬರೆಸಿ ಸರದಿಗಾಗಿ ಕಾದಳು. ಅಷ್ಟರಲ್ಲಿ ಮನೆಯ ಮೆಟ್ಟಿಲಲ್ಲಿ ಅದೇ ಕಾಲು ಇನ್ನೊಮ್ಮೆ ತಿರುಗಿತು. ಆಪರೇಷನ್ ಆಗುವಾಗ ಗಣೇಶ ಚೌತಿ ಬಂದಿತ್ತು. ನಡೆದಾಡಬಹುದು, ಆಟ ಮಾತ್ರ ಮರೆತುಬಿಡಬೇಕು ಎಂದರಂತೆ. ಫೋನಿನಲ್ಲಿ ಅವಳೇ ನನಗೆ ಹೇಳಿದಳು, ಬೇರೆ ಯಾರದೋ ಸುದ್ದಿ ಹೇಳುವಂತೆ. ಹೇಳಿ, "ಊಟ ಆತಿಲ್ಲಕ್ಕಾ?" ಎಂದು ಕೇಳಿದಳು.

ನಾನು ತಂಡ ಬಿಟ್ಟೆ. ಈಗ ಮುಂಡರಗಿಯ ಒಂದು ಶಾಲೆಯಲ್ಲಿ ಆಟದ ಟೀಚರ್. ನನ್ನ ಹತ್ತಿರ ಕಲಿತ ಇಬ್ಬರು ಹುಡುಗಿಯರಿಗೆ ಹೋದ ವರ್ಷ ಒಂದು ತಂಡದಿಂದ ಕರೆ ಬಂದಾಗ, ಕಾಗದದ ಪ್ರತಿ ಸಾಲನ್ನೂ ಕನ್ನಡದಲ್ಲಿ ಬರೆಸಿ ಓದಿಸಿದೆ. ಪ್ರೀತಿಯಿಂದ ಕರೆದವರ ಮನೆಯಲ್ಲಿ ಉಣ್ಣಿ, ಉಡಿಯನ್ನೂ ತುಂಬಿಸಿಕೊಳ್ಳಿ, ಆದರೆ ಅವರು ಬರೆದು ಸಹಿ ಹಾಕಿ ಕೊಡುವುದು ಮೊದಲು ಆಗಲಿ ಎಂದೆ. ಅವರು ಆ ಮಾತಿಗೆ ನಕ್ಕರು. ಅವರಿಗೆ ಹೇಗೆ ಗೊತ್ತಾಗಬೇಕು.

ಮೊನ್ನೆ ಸೀಗಿ ಹುಣ್ಣಿಮೆಗೆ ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ರೇಣುಕಾ ಈಗ ತಾಯಿಯ ಜೊತೆ ರೊಟ್ಟಿ ಕೆಲಸ ಮಾಡುತ್ತಾಳೆ. ನೆಲಕ್ಕೆ ಕೂರಲು ಬರುವುದಿಲ್ಲವಾದ್ದರಿಂದ ಅವಳ ಒಲೆಯನ್ನು ಕಟ್ಟೆಯ ಮೇಲಿಟ್ಟಿದ್ದಾರೆ, ನಿಂತೇ ಬಡಿಯುತ್ತಾಳೆ. ಸಂಜೆ ಹೊರಡುವಾಗ ಅವಳ ತಾಯಿ, "ಅಕ್ಕಗ ಉಡಿ ತುಂಬಿ ಕಳಸವ್ವಾ," ಎಂದರು. ಬೇಡ ಎಂದೆ. ಬಸ್ಸಿಗೆ ಹೊತ್ತಾಯಿತು ಎಂದೆ. ಇಬ್ಬರೂ ಕೇಳಲಿಲ್ಲ. ರೇಣುಕಾ ಎಡಗಾಲು ಎಳೆಯುತ್ತ ಒಳಗೆ ಹೋಗಿ ಅಕ್ಕಿಯ ಮೊರ ತಂದು ಎದುರು ನಿಂತಳು. ನಾನು ಸೆರಗು ಒಡ್ಡಿದೆ. ಎರಡು ಬೊಗಸೆ ಹಾಕುವಷ್ಟರಲ್ಲಿ ನನ್ನ ಕಣ್ಣು ತುಂಬಿ, ಒರೆಸಿಕೊಳ್ಳಲೆಂದು ಒಂದು ಕೈ ಬಿಟ್ಟೆ. ಅಕ್ಕಿ ಜಾರತೊಡಗಿತು.

"ಎರಡೂ ಕೈಲೆ ಹಿಡಿ ಅಕ್ಕಾ," ಎಂದಳು ರೇಣುಕಾ. "ಚೆಲ್ಲೀತು."

ಅವಳಿಗೆ ಅಂದಿನ ಮಾತು ನೆನಪಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಮುಖ ನೋಡುವ ಧೈರ್ಯವಾಗಲಿಲ್ಲ. ನಾನು ಎರಡೂ ಕೈಯಿಂದ ಸೆರಗು ಹಿಡಿದೆ. ಅವಳು ಉಳಿದ ಮೂರು ಬೊಗಸೆ ಹಾಕಿ ಮುಗಿಸಿ, ತನ್ನ ಸೆರಗಿನಿಂದ ನನ್ನ ಕಣ್ಣು ಒರೆಸಿದಳು.