ಆಯೇಶಾ ಎಂದು ಹೆಸರಿಟ್ಟವಳು

ನನ್ನ ಸೋದರತ್ತೆಯ ಎಡಗಿವಿಯ ಹಾಲೆ ಸೀಳಿ ಎರಡಾಗಿತ್ತು. ಭಾರದ ಓಲೆ ಹರಿದುಕೊಂಡು ಬಿದ್ದರೂ ಹೊಲಿಸಿಕೊಳ್ಳಲಿಲ್ಲ. "ಇನ್ನೊಂದು ಕಿವಿ ಅದ ಅಲ್ಲ, ಸಾಕು" ಎಂದು ಒಂದೇ ಓಲೆ ಹಾಕಿಕೊಂಡು ಹುಮನಾಬಾದ್ ಪೇಟೆಯೆಲ್ಲ ತಿರುಗುತ್ತಿದ್ದಳು. ಮೆಲ್ಲಗೆ ಮಾತಾಡುವುದಂತೂ ಅವಳ ಹಣೆಯಲ್ಲೇ ಬರೆದಿರಲಿಲ್ಲ. ತೊಟ್ಟಿಲ ಕಾರ್ಯದ ದಿನ ನನ್ನ ಕಿವಿಯಲ್ಲಿ ಗುಟ್ಟಾಗಿ ಹೇಳಬೇಕಾದ ಹೆಸರನ್ನು ಓಣಿಗೆಲ್ಲ ಕೇಳುವಂತೆ ಹೇಳಿದಳಂತೆ: ಆಯೇಶಾ!

ನಮ್ಮದು ಲಿಂಗಾಯತರ ಮನೆ. ಅಜ್ಜ ದಂಗಾದ.

"ಇದೆಂಥಾ ಹೆಸರ ಇಟ್ಟಿ?"

"ಬದುಕೋ ಹೆಸರು. ಮೊದಲಿನ ಎರಡು ಕೂಸಿಗೂ ದೇವರ ಹೆಸರೇ ಇಟ್ಟಿದ್ದಿಲ್ಲೇನು? ಒಂದರೆ ಉಳೀತೇನು?"

ಆಯೇಶಾ ಎಂದರೆ ಬಾಳಿ ಬದುಕುವವಳು ಎಂದು ಪಕ್ಕದ ಮನೆಯ ಮುಸಲ್ಮಾನ ಖಾಲಾ ಅವಳಿಗೆ ಹೇಳಿದ್ದಳು. ಹೆಸರಿಡುವ ಹಕ್ಕು ಸೋದರತ್ತೆಯದು. ಅಜ್ಜ ತೊಟ್ಟಿಲು ತೂಗಿದ. ನಾನು ಬದುಕಿದೆ.

ಆ ಹೆಸರಿಗೆ ನಮ್ಮೂರಲ್ಲಿ ಬರವಿಲ್ಲ. ಶಾಲೆಯಲ್ಲಿ ಸರ್ ಆಯೇಶಾ ಎಂದರೆ ನಾಲ್ಕೈದು ಹುಡುಗಿಯರು ಏಳುತ್ತಿದ್ದೆವು. ವಿಭೂತಿ ಹಚ್ಚಿದವಳು ನಾನೊಬ್ಬಳೇ. ಹುಡುಗರು ನಕ್ಕರೆಂದು ಅಳುತ್ತ ಬಂದರೆ ಸೋದರತ್ತೆ, "ಅಳಾಕ ಏನಾಗ್ಯದ? ಮತ್ತ ನಕ್ಕರ ಹೇಳು, ಸಾಲಿಗೇ ಬರ್ತೀನಿ" ಎನ್ನುತ್ತಿದ್ದಳು. ಬಂದೇಬಿಟ್ಟಾಳೆಂದು ನಾನೇ ಹೆದರಿ ಅಳು ನುಂಗುತ್ತಿದ್ದೆ.

ಬಸವಕಲ್ಯಾಣದ ಮನೆಗೆ ಸೊಸೆಯಾದೆ. ನಮ್ಮ ಕಡೆ ಮದುವೆಯಲ್ಲಿ ಗಂಡನ ಕೈಯಿಂದ ತಟ್ಟೆಯ ಅಕ್ಕಿಯ ಮೇಲೆ ಹೆಂಡತಿಯ ಹೊಸ ಹೆಸರು ಬರೆಸುತ್ತಾರೆ. ನನ್ನವನ ಕೈಗೆ ಉಂಗುರ ಕೊಟ್ಟು ಅವನ ತಾಯಿ, "ಲಕ್ಷ್ಮಿ ಅಂತ ಬರಿ" ಎಂದರು. ಬರೆದ. ಸೋದರತ್ತೆ ಹೆಂಗಸರನ್ನು ಸರಿಸಿಕೊಂಡು ಬಂದವಳೇ ಅಂಗೈಯಿಂದ ಅಕ್ಕಿ ಸವರಿಬಿಟ್ಟಳು.

"ಬೀಗತ್ಯಾರ, ಲಕ್ಷ್ಮಿ ಛಲೋ ಹೆಸರ್ರಿ. ನಾಳೆ ಮೊಮ್ಮಗಳಿಗೆ ಇಡ್ರಿ. ಇದು ಎರಡು ಕೂಸು ಕಳಕೊಂಡ ಮನ್ಯಾಗ ಉಳಿದ ಹುಡುಗಿ. ಈಕಿ ಹೆಸರಿಗೆ ಕೈ ಹಚ್ಚಬ್ಯಾಡ್ರಿ."

ನನ್ನವನು ಉಂಗುರ ಕೆಳಗಿಟ್ಟ. ಅವನ ತಾಯಿ ಮಾತ್ರ ಅಂದಿನಿಂದ ನನ್ನನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ; "ಏ ಇಕಿನಽ" ಎಂದೇ ವರ್ಷಗಳು ಕಳೆದವು.

ಹೋದ ವರ್ಷ ಸೋದರತ್ತೆ ತೀರಿಕೊಂಡಳು. ಮಣ್ಣು ಮುಗಿಸಿ ಮರಳಿದ ನನಗೆ ಯಾರೂ ಇಲ್ಲವೆನಿಸಿಬಿಟ್ಟಿತ್ತು. ಬೇಳೆ ಆರಿಸುತ್ತ ಕುಳಿತಿದ್ದೆ. ಅಕ್ಕಿ ಸವರಿದ ಕೈ ಈಗಿರಲಿಲ್ಲ. ಪಡಸಾಲೆಯಿಂದ ನನ್ನವನ ತಾಯಿ ನನ್ನನ್ನು ಕೂಗಿದರು: "ಲಕ್ಷ್ಮೀ, ಚಾ ಇಡು."

ನಾನು ಏಳಲಿಲ್ಲ. ಮತ್ತೆ ಕರೆದರು. ಬೇಳೆ ಆರಿಸುತ್ತಲೇ ಇದ್ದೆ. ದನಿ ಏರುತ್ತ ಹೋಯಿತು, ಅಕ್ಕಪಕ್ಕದ ಬಾಗಿಲು ತೆರೆಯುವಷ್ಟು.

"ಏ ಆಯೇಶಾ! ಕೇಳಸಂಗಿಲ್ಲೇನು?"

"ಈಗ ಕೇಳಿಸ್ತ್ರಿ" ಎಂದು ಎದ್ದು ಚಹಾಕ್ಕಿಟ್ಟೆ.