ಸಗಣಿ ಗುಂಡಿಗೆ ಹಿಟ್ಟಿನ ಕೋಲು

ಐವತ್ತರ ದಶಕದಲ್ಲಿ ಅಪ್ಪ ಕೆಂಗೇರಿಯ ನಮ್ಮ ಹಿತ್ತಲಲ್ಲಿ ಗೋಬರ್ ಗ್ಯಾಸಿನ ಗುಂಡಿ ಕಟ್ಟಿಸಿದರು. ಸಗಣಿ ನೀರು ಹುಳಿತು ಗ್ಯಾಸ್ ಬಂದರೆ, ಮೇಲೆ ಬೋರಲು ಹಾಕಿದ ಕಬ್ಬಿಣದ ಡ್ರಮ್ಮು ತಾನಾಗಿ ಏಳಬೇಕು. ತಿಂಗಳಾದರೂ ಏಳಲಿಲ್ಲ. ಅಪ್ಪ ಡ್ರಮ್ಮು ಮಾಡಿದವನನ್ನು ಬೈದರು. ತಮ್ಮನ್ನು ತಾವು ಬೈದುಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ.

ಕೊನೆಗೆ ಡ್ರಮ್ಮು ಎತ್ತಿಸಿ ನೋಡಿದರೆ, ಸಗಣಿಯ ಮೇಲೆ ಚಾಪೆಯಷ್ಟು ದಪ್ಪಗೆ ಹುಲ್ಲು ಹೆಪ್ಪುಗಟ್ಟಿತ್ತು. ತಿಪ್ಪೆಗೆ ಹಾಕಿ ರೂಢಿಯಾದ ನಾವು, ಕೊಟ್ಟಿಗೆ ಗುಡಿಸಿದ್ದನ್ನೆಲ್ಲ ಹುಲ್ಲಿನ ಸಮೇತ ಗುಂಡಿಗೆ ಸುರಿದಿದ್ದೆವು. ಗ್ಯಾಸು ಅದರಡಿಯಲ್ಲೇ ಸಿಕ್ಕಿಕೊಂಡಿತ್ತು.

ಅವ್ವ ಬಗ್ಗಿ ನೋಡಿದಳು. "ಹಿಟ್ಟು ಹಾಕಿದ್ಮೇಲೆ ಕೋಲಲ್ಲಿ ತೂತು ಮಾಡ್ದೆ ಇದ್ರೆ ಎಸರು ಎಲ್ಲಿಂದ ಉಕ್ಕುತ್ತೆ?" ಎಂದು ಉದ್ದನೆಯ ಬಿದಿರು ತರಿಸಿ, ಹುಲ್ಲು ತೆಗೆಸಿ, ಮುದ್ದೆಗೆ ತಿರುವುವ ಹಾಗೆ ತಿರುವಿದಳು. ಗುಳುಗುಳು ಎಂದು ಗುಳ್ಳೆಗಳು ಎದ್ದವು. ಡ್ರಮ್ಮನ್ನು ಮತ್ತೆ ಬೋರಲು ಹಾಕಿಸಿದ ನಾಲ್ಕು ದಿನಕ್ಕೆ ಅದು ಎದ್ದಿತು, ಒಲೆಯಲ್ಲಿ ನೀಲಿ ಉರಿ ಬಂತು.

ಅಲ್ಲಿಯವರೆಗೆ ಅಡುಗೆಮನೆಯ ಹೊಸ್ತಿಲು ದಾಟದಿದ್ದ ಅಪ್ಪ, ಅಂದಿನಿಂದ ದಿನಾ ಕಾಫಿಗೆ ಮುಂಚೆ ಡ್ರಮ್ಮಿನ ಪಕ್ಕದ ಸಂದಿಯಲ್ಲಿ ಬಿದಿರು ಇಳಿಸಿ ತಿರುವುತ್ತಿದ್ದರು. ಅವ್ವ ಹಿತ್ತಲ ಬಾಗಿಲಲ್ಲಿ ನಿಂತು ಹೇಳುತ್ತಿದ್ದಳು: "ತಳ ಮುಟ್ಟಿಸಿ ತಿರುವಿ. ಗಂಟು ಉಳಿದ್ರೆ ಇವತ್ತು ಮುದ್ದೆ ಇಲ್ಲ."